ಕಂಪ್ಯೂಟರಿನೊಳಗೆ ಫೆಬ್ರವರಿ

"ನಿಜ ಹೇಳು ಕುಸುಮ. ಏನು ಒತ್ತಿದೆ?"

"ಯೆಸ್ ಒತ್ತಿದೆ ಸಾರ್."

"ನೋ ಒತ್ತಬೇಕು ಅಂತ ಹೇಳಿರ್ಲಿಲ್ವಾ ನಾನು?"

"ಹೇಳಿದ್ರಿ ಸಾರ್. ದಿನಾ ನೋ ಒತ್ತಿದ್ರೂ ಮತ್ತೆ ಮತ್ತೆ ಕೇಳ್ತಿತ್ತು. ಪಾಪ ಅನ್ನಿಸ್ತು."

ಪ್ರಸಾದ್ ಮೇಷ್ಟ್ರಿಗೆ ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. ಕನ್ನಡಕವನ್ನು ಹಣೆಗೇರಿಸಿ, ಮೂಗು ತಾಗುವಷ್ಟು ಹತ್ತಿರದಿಂದ ಕಂಪ್ಯೂಟರಿನ ಪರದೆ ನೋಡಿದರು.

ಅಲ್ಲಿ ಕನ್ನಡ ಇರಲಿಲ್ಲ. ನಿನ್ನೆಯವರೆಗೆ 'ಕೋತಿ' ಎಂದು ಇದ್ದ ಕಡೆ ಯಾವುವೋ ಇಂಗ್ಲಿಷ್ ಅಕ್ಷರಗಳು ಕೂತಿದ್ದವು. ಒಂದರ ತಲೆಯ ಮೇಲೆ ಕೊಂಬು, ಇನ್ನೊಂದರ ಕಾಲಿಗೆ ಬಾಲ. ಎಲ್ಲ ಸಾಲೂ ಹಾಗೇ. ಕನ್ನಡ ಟೈಪ್ ಮಾಡುವ ಸಾಫ್ಟ್‌ವೇರ್ ತೆರೆಯಲು ಹೋದರೆ ಪಟ್ಟನೆ ಒಂದು ಪೆಟ್ಟಿಗೆ ಎದ್ದು ಅಡ್ಡ ನಿಲ್ಲುತ್ತಿತ್ತು. ಪೆಟ್ಟಿಗೆಯ ತುಂಬ ಇಂಗ್ಲಿಷು.

ಕುಸುಮ ಐದನೇ ಕ್ಲಾಸು. ಅವಳಿಗೆ ಇಂಗ್ಲಿಷ್ ಶುರುವಾಗಿದ್ದೇ ಈ ವರ್ಷ. ಅವರ ಕ್ಲಾಸು ಇನ್ನೂ ಬ್ಯಾಟು, ಕ್ಯಾಟು ದಾಟಿರಲಿಲ್ಲ.

"ಸಾರ್, ನಮ್ಮ ಕತೆ ಹೋಗ್ಬುಡ್ತಾ?"

"ಇರು, ನೋಡೋಣ" ಎಂದರು ಮೇಷ್ಟ್ರು. ಅವರ ದನಿಯಲ್ಲಿ ನೋಡುವ ಧೈರ್ಯ ಕಾಣಲಿಲ್ಲ.

ವಿದ್ಯಾರಣ್ಯಪುರಂನ ಆ ಸರ್ಕಾರಿ ಶಾಲೆಗೆ ಇದ್ದದ್ದು ಒಂದೇ ಕಂಪ್ಯೂಟರ್. ಒಂದು ಕಂಪನಿಯವರು ತಮ್ಮ ಆಫೀಸಿಗೆ ಹೊಸದು ಬಂದ ಮೇಲೆ ಹಳೆಯದನ್ನು ತಂದುಕೊಟ್ಟಿದ್ದರು. ಕೊಟ್ಟ ದಿನ ಹಾರ, ಭಾಷಣ, ಫೋಟೋ ಎಲ್ಲ ಆಯಿತು. ಫೋಟೋಕ್ಕೆ ಕುಸುಮನನ್ನೂ ರಕ್ಷಿತಾಳನ್ನೂ ಮುಂದೆ ಕೂರಿಸಿ ಮೌಸಿನ ಮೇಲೆ ಕೈ ಇಡಿಸಿದ್ದರು. "ನಗ್ರಮ್ಮಾ, ಕಲಿತಾ ಇದೀವಿ ಅನ್ನೋ ಥರ ನಗ್ರಿ" ಎಂದಿದ್ದರು. ಕಂಪ್ಯೂಟರಿಗೆ ಆಗಿನ್ನೂ ಕರೆಂಟೇ ಕೊಟ್ಟಿರಲಿಲ್ಲ. ಆಮೇಲೆ ಗೋಡೆಯ ಮೇಲೆ ಕಂಪನಿಯ ಹೆಸರು ಬರೆಸಿದರು. ಶಾಲೆಯ ಹೆಸರಿಗಿಂತ ಅದು ದೊಡ್ಡದಾಗಿತ್ತು.

ದಸರಾ ರಜೆ ಮುಗಿದ ಮೇಲೆ ಅದೇ ಕಂಪನಿಯಿಂದ ಒಬ್ಬ ಬಂದಿದ್ದ. "ವೈರಸ್ ಬರದೇ ಇರೋಕೆ ಹೊಸ ಅಪ್‌ಡೇಟು" ಎಂದು ಒಂದು ಸಿಡಿ ಹಾಕಿದ. ಅಷ್ಟರಲ್ಲಿ ಮೊಬೈಲಿಗೆ ಕರೆ ಬಂತು. ಮಾತಾಡುತ್ತಾ ಹೊರಗೆ ಹೋದವನು ತಿರುಗಿ ಬರಲೇ ಇಲ್ಲ. ಸಿಡಿ ಒಳಗೇ ಉಳಿಯಿತು. ಅಂದಿನಿಂದ ಕಂಪ್ಯೂಟರ್ ಹಾಕಿದಾಗೆಲ್ಲ 'ಅಪ್‌ಡೇಟ್ ಮಾಡಲೇ? ಯೆಸ್? ನೋ?' ಎಂದು ಕೇಳುತ್ತಿತ್ತು. ಕುಸುಮನನ್ನು ಶಾಲೆಯಲ್ಲಿ ಅಷ್ಟು ಸಲ ಮಾತಾಡಿಸುತ್ತಿದ್ದದ್ದು ಅದೊಂದೇ.

ಊಟದ ಬಿಡುವಿನಲ್ಲಿ ಮಕ್ಕಳು ಎರಡು ಪಾಲಾಗುತ್ತಾರೆ. ಡಬ್ಬಿಯವರು ಹೊಂಗೆಮರದ ಕೆಳಗೆ, ಬಿಸಿಯೂಟದ ತಟ್ಟೆಯವರು ಜಗಲಿಯ ಮೇಲೆ. ಬಿಸಿಯೂಟ ಮಾಡುವವಳು ಕುಸುಮನ ಅಮ್ಮ ಮಂಗಳಮ್ಮ. ಕುಸುಮನ ಕ್ಲಾಸಿನ ಮೋಹನ್ ಮತ್ತು ಇನ್ನು ಕೆಲವರು ಮಂಗಳಮ್ಮ ಮಾಡಿದ್ದನ್ನು ಮುಟ್ಟುವುದಿಲ್ಲ. ಯಾಕೆ ಎಂದು ಯಾರೂ ಕೇಳುವುದಿಲ್ಲ. ಕೇಳದೆಯೇ ಎಲ್ಲರಿಗೂ ಗೊತ್ತು.

ಹಾಗಂತ ಜಗಲಿಯ ಮೇಲೂ ಕುಸುಮನಿಗೆ ಜಾಗವಿಲ್ಲ. "ಮಗಳಿಗೆ ತಳದಿಂದ ತರಕಾರಿ ತೆಗೆದು ಹಾಕ್ತಾಳೆ, ನಮಗೆ ಬರೀ ನೀರು" ಎಂದು ತಟ್ಟೆಯವರಿಗೆ ಸಿಟ್ಟು. ಅದು ಸುಳ್ಳು. ಮಂಗಳಮ್ಮ ಬೇಕೆಂದೇ ಮಗಳಿಗೆ ಮೇಲಿನ ತಿಳಿ ಹಾಕುತ್ತಾಳೆ. ಆದರೆ ಅದನ್ನು ಯಾರ ಹತ್ತಿರ ಹೇಳುವುದು?

ಹೋದ ವರ್ಷ ಹೀಗಿರಲಿಲ್ಲ. ರಕ್ಷಿತಾ ಇದ್ದಳು. ಅವಳೂ ಡಬ್ಬಿಯವಳೇ. ಆದರೆ ಡಬ್ಬಿಯ ಮುಚ್ಚಳವನ್ನೇ ತೆಗೆಯದೆ ಬ್ಯಾಗಿಗೆ ತುರುಕಿ, ತಟ್ಟೆ ಹಿಡಿದು ಸಾಲಿಗೆ ನಿಲ್ಲುತ್ತಿದ್ದಳು. "ಆಂಟಿ, ಇನ್ನೊಂದು ಸೌಟು ಸಾರು" ಎನ್ನುವಳು. ಉಂಡು ಕೈ ತೊಳೆದು ಇಬ್ಬರೂ ಕಂಪ್ಯೂಟರ್ ರೂಮಿಗೆ ಓಡುವರು. 'ಕಿಟಕಿ' ಎಂಬ ಗೋಡೆ ಪತ್ರಿಕೆ ಅವರಿಬ್ಬರ ಕೆಲಸ.

ಅದಕ್ಕೆಂದೇ ಒಂದು ಕತೆ ಶುರು ಮಾಡಿದ್ದರು. ಒಂದು ಸಾಲು ಕುಸುಮನದು, ಒಂದು ಸಾಲು ರಕ್ಷಿತಾಳದು. ಒಬ್ಬರ ಸಾಲನ್ನು ಇನ್ನೊಬ್ಬರು ಬರೆಯುವಂತಿಲ್ಲ. ಇದು ಆಣೆ ಇಟ್ಟು ಮಾಡಿದ ರೂಲ್ಸು.

'ಒಂದು ಕೋತಿಗೆ ಚಾಮುಂಡಿ ಬೆಟ್ಟ ಬೇಜಾರಾಯಿತು' ಎಂದು ಕುಸುಮ ಬರೆದಳು. 'ಅದು ಮೈಸೂರು ನೋಡೋಣವೆಂದು ಸಿಟಿ ಬಸ್ಸು ಹತ್ತಿತು' ಎಂದು ರಕ್ಷಿತಾ ಬರೆದಳು. ಕೋತಿ ಕಿಟಕಿ ಪಕ್ಕದ ಸೀಟಿಗೆ ಜಗಳವಾಡಿತು. ಒಬ್ಬ ತಾತನ ಕನ್ನಡಕ ಹಾಕಿಕೊಂಡು ಪೇಪರ್ ಓದಿತು. ಕೊನೆಯ ಸಾಲು ರಕ್ಷಿತಾಳದು: 'ಆಗ ಕಂಡಕ್ಟರ್ ಬಂದು, ಸೀಟಿ ಊದಿ, ಕೋತಿಗೆ ಹೀಗೆ ಹೇಳಿದ:'

ಅಷ್ಟರಲ್ಲಿ ಬೆಲ್ಲಾಗಿತ್ತು.

"ಏನೇ ಹೇಳಿದ?"

"ನಾಳೆ ಹೇಳ್ತೀನಿ. ನೀನು ನಕ್ಕೂ ನಕ್ಕೂ ಬಿದ್ದೋಗ್ತೀಯ ನೋಡು."

ಮಾರನೆಯ ದಿನ ಪರೀಕ್ಷೆಯೆಂದು ಕಂಪ್ಯೂಟರ್ ರೂಮಿಗೆ ಬೀಗ ಬಿತ್ತು. ಆಮೇಲೆ ರಜೆ. ಜೂನಿನಲ್ಲಿ ಶಾಲೆ ತೆರೆದಾಗ ರಕ್ಷಿತಾ ಬರಲಿಲ್ಲ. ಅವರಪ್ಪ ಬೋಗಾದಿಯ ಹೊಸ ಬಡಾವಣೆಯಲ್ಲಿ ಮನೆ ಮಾಡಿ, ಅವಳನ್ನು ಇಂಗ್ಲಿಷ್ ಮೀಡಿಯಂಗೆ ಸೇರಿಸಿದ್ದರು.

ಈಗ ರಕ್ಷಿತಾಳದು ಅಂತ ಕುಸುಮನ ಹತ್ತಿರ ಉಳಿದದ್ದು ಆ ಸಾಲುಗಳು ಮಾತ್ರ. ಅವಕ್ಕೂ ಕೊಂಬು ಬಾಲ ಬಂದುಬಿಟ್ಟಿತ್ತು.

ಮೇಷ್ಟ್ರು ಕಂಪನಿಗೆ ಫೋನ್ ಮಾಡಿದರು. ತುಂಬ ಹೊತ್ತು "ಹಲೋ, ಹಲೋ, ಲೈನಲ್ಲಿದೀನಿ" ಎಂದು ಕಾದರು. ಫೋನ್ ಇಟ್ಟಾಗ ಅವರ ಮುಖ ಸಣ್ಣಗಾಗಿತ್ತು. ಮಂಗಳಮ್ಮ ಟೀ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಏನಂದ್ರು ಸಾ?"

"ಸಪೋರ್ಟ್ ಮುಗಿದಿದೆಯಂತೆ. ಇದರೊಳಗಿರೋದು ವಿಂಡೋಸ್ ತೊಂಬತ್ತೆಂಟು. ಅದನ್ನ ಮಾಡಿದವರೇ ಜುಲೈಗೆ ಕೈಬಿಟ್ಟಾಯ್ತು, ಇನ್ನು ಏನು ಕೆಟ್ಟರೂ ನಾವು ನೋಡಲ್ಲ, ಗುಜರಿಗೆ ಹಾಕಿ ಅಂದ್ರು."

"ಅದೆಂಗೆ? ಕೊಡೋವಾಗ ಫೋಟೋ ತೆಗೆಸ್ಕೊಂಡ್ರಲ್ಲ."

"ಫೋಟೋಕ್ಕೆ ಸಪೋರ್ಟ್ ಮುಗಿದಿಲ್ಲ ಮಂಗಳಮ್ಮ. ಅದು ಅವರ ಆಫೀಸಿನ ಗೋಡೆ ಮೇಲೆ ಚೆನ್ನಾಗೇ ಇದೆ."

ಮಂಗಳಮ್ಮ ಲೋಟವನ್ನು ಮೇಜಿನ ಮೇಲೆ ಟಕ್ಕೆಂದು ಇಟ್ಟಳು. "ಅವರಿಗೆ ಬ್ಯಾಡಾದ್ದು ನಮಗೆ ಕೊಡ್ತಾರೆ. ನಾವು ಅದನ್ನೇ ಒರೆಸಿ, ಪೂಜೆ ಮಾಡಿ, ಮಕ್ಕಳ ಕೈಗೆ ಕೊಟ್ಟು ಕಲಿಸೋ ಹೊತ್ಗೆ, ಅದೂ ಮುಗೀತು ಅಂತಾರೆ. ನೆಟ್ಟಗೆ ಕೆಲಸ ಮಾಡ್ತಿದ್ದದ್ದನ್ನ ಕೆಡಿಸಿದ್ದು ಅವರ ಸಿಡೀನೇ ಅಲ್ವಾ ಸಾ?"

ಮೇಷ್ಟ್ರು ಟೀ ಕುಡಿದರು. ಆಮೇಲೆ, "ಅಗ್ರಹಾರದಲ್ಲಿ ನೀಲಮ್ಮ ಅಂತ ಇದ್ದಾರೆ, ಡಿಟಿಪಿ ಅಂಗಡಿ. ನಮ್ಮ ವಾರ್ಷಿಕೋತ್ಸವದ ಕಾರ್ಡು ಅವರೇ ಮಾಡೋದು. ಅವರದೂ ಇಂಥದೇ ಮಿಷನ್ನು. ಒಂದ್ಸಲ ಕೇಳಿ ನೋಡಿ" ಎಂದರು.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ತಾಯಿ ಮಗಳು ಅಗ್ರಹಾರಕ್ಕೆ ನಡೆದರು. ನೀಲಮ್ಮನ ಅಂಗಡಿ ಒಂದು ಹಳೇ ಮನೆಯ ಮೆಟ್ಟಿಲ ಕೆಳಗಿತ್ತು. ತಂತಿಯ ಮೇಲೆ ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು ಬಟ್ಟೆ ಒಣಹಾಕಿದ ಹಾಗೆ ತೂಗುತ್ತಿದ್ದವು. ಕಂಪ್ಯೂಟರಿನ ಹಣೆಯ ಮೇಲೆ ಆಯುಧಪೂಜೆಯಂದು ಬಳಿದ ವಿಭೂತಿ ಇನ್ನೂ ಇತ್ತು. ನೀಲಮ್ಮನ ಹಣೆಯ ಮೇಲೂ ಇತ್ತು.

ಕುಸುಮ ಹೇಳಿದ್ದನ್ನು ನೀಲಮ್ಮ ಟೈಪ್ ಮಾಡುತ್ತಲೇ ಕೇಳಿದರು.

"ಪೆಟ್ಟಿಗೆ ಎದ್ದು ಇಂಗ್ಲಿಷಲ್ಲಿ ಗುರ್ ಅನ್ನುತ್ತಾ?"

"ಹೂಂ ಆಂಟಿ."

"ಅದೇ ಅಪ್‌ಡೇಟು. ನನಗೂ ಒಬ್ಬ ಪುಣ್ಯಾತ್ಮ ಹಾಕ್ಕೊಟ್ಟು ಹೋಗಿದ್ದ. ಜನರ ಲಗ್ನಪತ್ರಿಕೆಗಳೆಲ್ಲ ಇದರೊಳಗೇ. ಇಲ್ಲೇ ಕೂತ್ಕೊಂಡು ಅತ್ತುಬುಟ್ಟೆ ಕಣಮ್ಮ." ಅವರು ಕುರ್ಚಿ ಸರಿಸಿ ಜಾಗ ಮಾಡಿದರು. "ಬಾ ಇಲ್ಲಿ. ಆ ಮೂಲೇಲಿ ಗಡಿಯಾರ ಇದೆಯಲ್ಲ, ಅಲ್ಲಿ ತಾರೀಖು ನೋಡಿ ಹೇಳು."

"ಡಿಸೆಂಬರ್... ಎರಡು ಸಾವಿರದ ಐದು."

"ಇವತ್ತು?"

"ನವೆಂಬರ್. ಎರಡು ಸಾವಿರದ ಆರು."

"ಅಷ್ಟೇ ಮದ್ದು. ಆ ಅಪ್‌ಡೇಟು ತಾರೀಖು ನೋಡುತ್ತೆ. ಈ ಜುಲೈ ದಾಟಿದೆ ಅಂತ ಕಂಡ್ರೆ, ಇದು ಕೈಬಿಟ್ಟ ಮಿಷನ್ನು ಅಂತ ಹಳೇ ಸಾಫ್ಟ್‌ವೇರ್ ಒಂದನ್ನೂ ತೆಗೆಯೋಕೆ ಬಿಡಲ್ಲ. ಜುಲೈಗಿಂತ ಹಿಂದಿನ ದಿನ ಅಂದ್ರೆ ತೆಪ್ಪಗಿರುತ್ತೆ. ನಾನು ಹಿಂದಕ್ಕೆ ತಿರುಗಿಸ್ಬುಟ್ಟೆ. ನನ್ನ ಅಂಗಡೀಲಿ ಇನ್ನೂ ಹೋದ ವರ್ಷ."

"ಅದಕ್ಕೆ ಸುಳ್ಳೇಳ್ದಂಗೆ ಆಗ್ಲಿಲ್ವಾ?" ಎಂದಳು ಮಂಗಳಮ್ಮ.

"ಅದು ನನಗೆ ಸತ್ಯ ಹೇಳ್ತಾ? ದುಡೀತಾ ಇರೋ ಮಿಷನ್ನ ಸತ್ತೋಗಿದೆ ಅಂತು."

ಮಂಗಳಮ್ಮನಿಗೆ ಈ ಮಾತು ಹಿಡಿಸಿತು. ನೀಲಮ್ಮ ಗಡಿಯಾರದ ಮೇಲೆ ಎರಡು ಸಲ ಒತ್ತಿ, ತಿಂಗಳು ಎಲ್ಲಿ ಬದಲಿಸುವುದು, ವರ್ಷ ಎಲ್ಲಿ ಬದಲಿಸುವುದು ಎಂದು ತೋರಿಸಿಕೊಟ್ಟರು.

"ಯಾವ ತಾರೀಖು ಇಡ್ಲಿ ಆಂಟಿ?"

"ಜುಲೈಗೆ ಮುಂಚೆ ಯಾವುದಾದ್ರೂ ಸರಿ. ನಿಂಗಿಷ್ಟ ಬಂದ ದಿನ ಇಟ್ಕೋ" ಎನ್ನುತ್ತಾ ನೀಲಮ್ಮ ಮತ್ತೆ ಟೈಪ್ ಮಾಡತೊಡಗಿದರು. ಹೊಸ ಗಿರಾಕಿ ಬಂದು ಬಾಗಿಲಲ್ಲಿ ನಿಂತಿದ್ದ.

ಇಷ್ಟ ಬಂದ ದಿನ. ಮನೆಗೆ ನಡೆಯುವಾಗ ದಾರಿಯುದ್ದಕ್ಕೂ ಕುಸುಮ ಅದನ್ನೇ ಯೋಚಿಸಿದಳು. ಹಾಗೆ ಆರಿಸಿಕೊಳ್ಳಬಹುದು ಎಂದು ಅವಳಿಗೆ ಈವರೆಗೆ ಯಾರೂ ಹೇಳಿರಲಿಲ್ಲ.

ಸೋಮವಾರ ಊಟದ ಬಿಡುವಿನಲ್ಲಿ ಅವಳು ಮೂಲೆಯ ಗಡಿಯಾರವನ್ನು ತೆರೆದಳು. ಫೆಬ್ರವರಿ ಇಪ್ಪತ್ನಾಲ್ಕು ಎಂದು ಇಟ್ಟಳು. ಕೋತಿ ಕತೆ ಶುರುವಾದ ದಿನ ಅದು. ಅವತ್ತು ರಕ್ಷಿತಾ ಒಂದೇ ಬೆರಳಿನಲ್ಲಿ ಟೈಪ್ ಮಾಡಿದ್ದಳು, ಕೀಲಿಗಳಿಗೆಲ್ಲ ಸಾರಿನ ವಾಸನೆ ಹತ್ತಿತ್ತು.

ಕಂಪ್ಯೂಟರನ್ನು ಆರಿಸಿ ಮತ್ತೆ ಹಾಕಿದಳು. ಪೆಟ್ಟಿಗೆ ಬರಲಿಲ್ಲ. ಕತೆಯನ್ನು ತೆರೆದಳು.

'ಒಂದು ಕೋತಿಗೆ ಚಾಮುಂಡಿ ಬೆಟ್ಟ ಬೇಜಾರಾಯಿತು.'

ಎಲ್ಲ ಅಕ್ಷರವೂ ಇತ್ತು. ಒತ್ತು, ದೀರ್ಘ ಎಲ್ಲವೂ ಇತ್ತು. ಕುಸುಮ ಕೊನೆಯವರೆಗೂ ಓದಿದಳು. 'ಕೋತಿಗೆ ಹೀಗೆ ಹೇಳಿದ' ಎಂಬಲ್ಲಿ ಕರ್ಸರ್ ಮಿಣುಕುತ್ತಿತ್ತು, ಈಗ ತಾನೇ ಯಾರೋ ಎದ್ದುಹೋದ ಹಾಗೆ. ಅವಳು ಪಕ್ಕದ ಸ್ಟೂಲಿನ ಕಡೆ ತಿರುಗಿಯೂ ನೋಡಿದಳು.

ಮಾರನೆಯ ದಿನ ಕಂಪ್ಯೂಟರ್ ಹಾಕಿದಾಗ ಮೂಲೆಯಲ್ಲಿ ಇಪ್ಪತ್ತೈದು ಎಂದಿತ್ತು. ಅದು ಹೀಗೇ ನಡೆಯುತ್ತಾ ಹೋದರೆ ಮಾರ್ಚ್ ಬರುತ್ತದೆ. ಪರೀಕ್ಷೆ ಬರುತ್ತದೆ. ರಕ್ಷಿತಾ ಹೋಗುವ ತಿಂಗಳೂ ಬರುತ್ತದೆ. ಕುಸುಮ ಅದನ್ನು ಮತ್ತೆ ಇಪ್ಪತ್ನಾಲ್ಕಕ್ಕೆ ತಿರುಗಿಸಿದಳು.

ಆಮೇಲೆ ಅದೇ ರೂಢಿಯಾಯಿತು. ಬೇಗ ಬೇಗ ಉಣ್ಣುವುದು, ಯಾರ ಕಡೆಗೂ ನೋಡದೆ ಜಗಲಿ ದಾಟುವುದು, ರೂಮಿಗೆ ಬಂದು ತಾರೀಖು ತಿರುಗಿಸುವುದು. ಹೊರಗೆ ನವೆಂಬರ್ ನಡೆಯುತ್ತಿತ್ತು. ಒಳಗೆ ದಿನವೂ ಫೆಬ್ರವರಿ ಇಪ್ಪತ್ನಾಲ್ಕು. ಅವಳು ಕತೆಗೆ ಒಂದು ಅಕ್ಷರವನ್ನೂ ಸೇರಿಸಲಿಲ್ಲ. ಅರ್ಧಕ್ಕೆ ನಿಂತ ಆ ಸಾಲು ಅವಳದಲ್ಲ.

'ಕಿಟಕಿ' ಹೊರಬರುವ ಶನಿವಾರ ಬಂತು. ಕತೆಯನ್ನು ಇದ್ದಷ್ಟೇ ಹಾಕಲು ಅವಳು ತೀರ್ಮಾನಿಸಿದಳು. ಪ್ರಿಂಟರು ಕರ್ ಕರ್ ಎಂದು ಕಾಗದ ಹೊರಗೆ ತಳ್ಳಿತು. ಅವಳು ಅದನ್ನು ಗೋಡೆಯ ಹಲಗೆಗೆ ಚುಚ್ಚಿ, ಎರಡು ಹೆಜ್ಜೆ ಹಿಂದೆ ನಿಂತಳು.

ಮಕ್ಕಳು ಸುತ್ತುವರಿದರು. ಮೋಹನ್ ಎಲ್ಲರಿಗಿಂತ ಮುಂದೆ.

"ಲೋ, ತಾರೀಖು ನೋಡ್ರೋ. ಫೆಬ್ರವರಿ ಇಪ್ಪತ್ನಾಲ್ಕಂತೆ."

ಕುಸುಮ ಮತ್ತೆ ಹಲಗೆಯ ಕಡೆ ನೋಡಿದಳು. 'ಕಿಟಕಿ' ಎಂಬ ಹೆಸರಿನ ಕೆಳಗೆ ತಾರೀಖನ್ನು ಕಂಪ್ಯೂಟರೇ ಹಾಕುತ್ತದೆ. ಮೇಷ್ಟ್ರು ಹಾಗೆ ಮಾಡಿಕೊಟ್ಟಿದ್ದರು. ಅದು ಅವಳಿಗೆ ಮರೆತೇಹೋಗಿತ್ತು.

"ಕುಸುಮಂಗೆ ಇನ್ನೂ ಫೆಬ್ರವರಿ ಕಣ್ರೋ."

"ಹಂಗಾದ್ರೆ ಅವಳಿನ್ನೂ ಫೋರ್ತ್ ಕ್ಲಾಸು."

"ಏ ಫೋರ್ತು, ನಮ್ಮ ಕ್ಲಾಸಲ್ಲಿ ಯಾಕ್ ಕೂರ್ತೀಯೇ? ನಡಿ ಆ ಕಡೆ."

ನಗು ಜಗಲಿಯಿಂದ ಹೊಂಗೆಮರದವರೆಗೂ ಹೋಯಿತು. ಡಬ್ಬಿಯವರೂ ತಟ್ಟೆಯವರೂ ಒಟ್ಟಾಗಿ ನಕ್ಕದ್ದು ಆ ವರ್ಷದಲ್ಲಿ ಅದೇ ಮೊದಲು.

ಆ ಸಂಜೆ ಕುಸುಮ ಅಮ್ಮನ ಹತ್ತಿರ ಒಂದು ರೂಪಾಯಿ ಇಸಿದುಕೊಂಡು ಕರಿಬಸವಯ್ಯನ ಅಂಗಡಿಗೆ ಹೋದಳು. ಅಂಗಡಿಯ ಮುಂದೆ ನಾಣ್ಯ ಹಾಕುವ ಕೆಂಪು ಫೋನಿತ್ತು. ರಕ್ಷಿತಾಳ ನಂಬರು ಅವಳಿಗೆ ಬಾಯಿಪಾಠ. ಇಷ್ಟು ದಿನ ಮಾಡಿರಲಿಲ್ಲ. ಅವಳೇ ಮಾಡಲಿ ಎಂದು ಕಾದಿದ್ದಳು.

"ರಕ್ಷಿತಾ, ನಾನು ಕಣೇ."

"ಯಾರು?"

"ಕುಸುಮ."

"ಓ. ಹೇಳು."

"ಕಂಡಕ್ಟರ್ ಏನಂದ?"

"ಯಾವ ಕಂಡಕ್ಟರ್?"

"ನಮ್ಮ ಕೋತಿ ಬಸ್ಸಿಂದು ಕಣೇ. ನಾಳೆ ಹೇಳ್ತೀನಿ ಅಂದಿದ್ಯಲ್ಲ."

"ನೆನಪಿಲ್ಲ ಕುಸುಮ."

ಕುಸುಮನಿಗೆ ಫೋನ್ ಇಟ್ಟುಬಿಡೋಣ ಎನ್ನಿಸಿತು. ಇಡಲಾಗಲಿಲ್ಲ. ಏನಾದರೂ ಹೇಳಬೇಕಲ್ಲ ಎಂದು, "ಆ ಮೋಹನ್ ಇಲ್ವಾ, ಇವತ್ತು ನನ್ನನ್ನ ಫೋರ್ತ್ ಕ್ಲಾಸು ಅಂತ ರೇಗಿಸಿದ" ಎಂದಳು. ರಕ್ಷಿತಾ ನಗುತ್ತಾಳೆ, ಮೋಹನನಿಗೆ ಏನಾದರೂ ಹೆಸರಿಟ್ಟು ಬೈಯುತ್ತಾಳೆ ಎಂದುಕೊಂಡಳು.

ರಕ್ಷಿತಾ ನಗಲಿಲ್ಲ.

"ನಾನು ನಿಜವಾಗ್ಲೂ ಫೋರ್ತೇ ಕಣೇ" ಎಂದಳು.

"ಏನು? ಪಾಸಾಗಿದ್ಯಲ್ಲ."

"ಇಂಗ್ಲಿಷ್ ಬರಲ್ಲ ಅಂತ ಮತ್ತೆ ಫೋರ್ತ್‌ಗೇ ಕೂರಿಸಿದ್ದಾರೆ. ಎಲ್ಲಾರೂ ನನಗಿಂತ ಚಿಕ್ಕೋರು. ಕನ್ನಡ ಮಾತಾಡಿದ್ರೆ ಫೈನ್ ಹಾಕ್ತಾರೆ. ಅದಕ್ಕೆ ನಾನು ಮಾತೇ ಆಡಲ್ಲ."

"ಊಟಕ್ಕೆ ಯಾರ ಜೊತೆ ಕೂರ್ತೀಯ?"

ರಕ್ಷಿತಾ ಆ ಮಾತು ಬಿಟ್ಟು, "ಆಂಟಿ ಸಾರು ಇನ್ನೂ ಹಂಗೇ ಮಾಡ್ತಾರಾ?" ಎಂದಳು.

ಕುಸುಮ ಬಾಯಿ ತೆರೆಯುವಷ್ಟರಲ್ಲಿ ಫೋನು ಕುಂಯ್ ಎಂದು ನಿಂತುಹೋಯಿತು. ಕೈಯಲ್ಲಿ ಇನ್ನೊಂದು ನಾಣ್ಯ ಇರಲಿಲ್ಲ.

ಸೋಮವಾರ ಊಟದ ಬಿಡುವು. ಕುಸುಮ ಕಂಪ್ಯೂಟರ್ ರೂಮಿಗೆ ಓಡಲಿಲ್ಲ. ಪೆನ್ನು ಹಿಡಿದು ಗೋಡೆಯ ಹಲಗೆಯ ಮುಂದೆ ನಿಂತಳು. 'ಕಿಟಕಿ'ಯ ಕೆಳಗಿದ್ದ ತಾರೀಖನ್ನು ಹೊಡೆದುಹಾಕಿ, ಪಕ್ಕದಲ್ಲಿ ಆ ದಿನದ ತಾರೀಖು ಬರೆದಳು.

ಆಮೇಲೆ ಕತೆಯ ಕೊನೆಗೆ ಬಂದಳು. ಇದು ರಕ್ಷಿತಾಳ ಸಾಲು. ರಕ್ಷಿತಾ ಆಗಿದ್ದರೆ ಏನು ಬರೆಯುತ್ತಿದ್ದಳು? ಕಣ್ಣು ಮುಚ್ಚಿ, ಒಂದೇ ಬೆರಳಿನಲ್ಲಿ ಟೈಪ್ ಮಾಡುವ ಹುಡುಗಿಯನ್ನು ನೆನೆದಳು. ಅವಳಿಗೆ ನಗು ಬಂತು. ಬರೆದಳು:

'ಬಾಲ ಒಳಗೆ ಎಳ್ಕೊಳಪ್ಪಾ, ಬಾಗಿಲು ಹಾಕಬೇಕು.'

ಹಿಂದಿನಿಂದ ಯಾರೋ ಪುಸಕ್ಕನೆ ನಕ್ಕರು. ತಿರುಗಿದರೆ ಮೋಹನ್. ಕೈಯಲ್ಲಿ ಡಬ್ಬಿ, ಬಾಯ್ತುಂಬ ಚಿತ್ರಾನ್ನ.

"ಆಮೇಲೆ? ಎಳ್ಕೊಂಡ್ತಾ?"

"ಅದು ನನ್ನ ಸಾಲು" ಎಂದಳು ಕುಸುಮ. "ನಾಳೆ ಬರೀತೀನಿ."

"ನಾಳೆ ಅಂದ್ರೆ ಯಾವ ತಿಂಗಳು?"

"ಹೋಗೋ."

ಮೋಹನ್ ಡಬ್ಬಿ ಹಿಡಿದು ಹೊಂಗೆಮರದ ಕಡೆಗೇ ಹೋದ. ಅವನು ಜಗಲಿಗೇನೂ ಬರಲಿಲ್ಲ.

ಕುಸುಮ ರೂಮಿಗೆ ಹೋಗಿ ಕಂಪ್ಯೂಟರ್ ಹಾಕಿದಳು. ಮೂಲೆಯಲ್ಲಿ ಫೆಬ್ರವರಿ ಇಪ್ಪತ್ತಾರು ಎಂದಿತ್ತು. ರಜೆಯಲ್ಲೂ ಅದು ತನ್ನಷ್ಟಕ್ಕೆ ನಡೆದಿತ್ತು. ಅವಳ ಕೈ ರೂಢಿಯಂತೆ ಮೌಸನ್ನು ಮೂಲೆಗೆ ಒಯ್ದಿತು. ಅಲ್ಲೇ ನಿಂತಿತು.

ಬೋಗಾದಿಯ ಯಾವುದೋ ಕ್ಲಾಸಿನಲ್ಲಿ, ಚಿಕ್ಕ ಚಿಕ್ಕ ಮಕ್ಕಳ ನಡುವೆ, ಉದ್ದ ಜಡೆಯ ಒಬ್ಬಳು ಬಾಯಿ ಮುಚ್ಚಿ ಕೂತಿರುತ್ತಾಳೆ. ಅವಳ ಮುಂದೆ ಮುಚ್ಚಳ ತೆಗೆಯದ ಡಬ್ಬಿ ಇರುತ್ತದೆ.

ಕುಸುಮ ಮೌಸನ್ನು ಬಿಟ್ಟಳು. ಇಪ್ಪತ್ತಾರು ಇಪ್ಪತ್ತಾರಾಗಿಯೇ ಉಳಿಯಿತು. ಕಂಡಕ್ಟರನ ಮಾತನ್ನು ಕತೆಯೊಳಗೂ ಟೈಪ್ ಮಾಡಿ, ಕಂಪ್ಯೂಟರ್ ಆರಿಸಿ, ಬಟ್ಟೆ ಹೊದಿಸಿ ಹೊರಗೆ ಬಂದಳು.

ಮಂಗಳಮ್ಮ ದೊಡ್ಡ ಪಾತ್ರೆಯನ್ನು ನಲ್ಲಿಯ ಕೆಳಗೆ ಉಜ್ಜುತ್ತಿದ್ದಳು. ಕುಸುಮ ಪಕ್ಕದಲ್ಲಿ ಕೂತು ಸೌಟು ತೊಳೆಯತೊಡಗಿದಳು.

"ಅಮ್ಮಾ, ಇನ್ನೊಂದು ರೂಪಾಯಿ ಕೊಡ್ತೀಯಾ?"

"ಮೊನ್ನೆ ತಾನೇ ಫೋನಿಗೆ ಅಂತ ಇಸ್ಕೊಂಡಲ್ಲವ್ವ. ಮತ್ತೇನೀಗ?"

"ರಕ್ಷಿತಾ ಒಂದು ಕೇಳಿದ್ಲು. ಹೇಳೋಷ್ಟರಲ್ಲಿ ಕಟ್ಟಾಗೋಯ್ತು."

"ಏನ್ ಕೇಳಿದ್ಲು?"

ಕುಸುಮ ಸೌಟನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. ಎಷ್ಟು ತೊಳೆದರೂ ಅದರಲ್ಲಿ ಸಾರಿನ ವಾಸನೆ ಇತ್ತು.